ಮೂರನೆಯ ಹಾಡಿನ ನಂತರ

ಜನವರಿ 6, 2025. ಮಧುಗಿರಿ

ಇವತ್ತು ನಮ್ಮ ವೆಬ್‌ಸೈಟಿನಲ್ಲಿ ಪ್ರಕಟವಾದ ರಾಕ್ ಕಾರ್ಯಕ್ರಮದ ವಿಮರ್ಶೆಯ ಫೋಟೋದಲ್ಲಿ ಗಿಟಾರಿಸ್ಟ್ ಎಡಚನಾಗಿದ್ದಾನೆ. ಪುಟದ ಅಂದಕ್ಕೆಂದು ಫೋಟೋವನ್ನು ಎಡಬಲ ತಿರುಗಿಸಿಬಿಟ್ಟಿದ್ದಾರೆ. ಕೆಳಗಿನ ಬರಹದಲ್ಲಿ, ಅಂದು ನುಡಿಸದೇ ಇದ್ದ ಹಾಡೊಂದನ್ನು 'ಸಂಜೆಯ ಶಿಖರ' ಎಂದು ಹೊಗಳಿದ್ದಾರೆ. ಸಂಘಟಕರು ಮೊದಲೇ ಕಳಿಸಿದ್ದ ಪಟ್ಟಿಯಲ್ಲಿ ಆ ಹಾಡು ಇತ್ತು. ಗಾಯಕನ ಗಂಟಲು ಕೈಕೊಟ್ಟಿದ್ದರಿಂದ ಕೈಬಿಟ್ಟಿದ್ದರು. ಬಂದಿದ್ದವರ ಫೋನ್ ವಿಡಿಯೊಗಳನ್ನು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ವಿಮರ್ಶಕ ಅಲ್ಲಿಗೆ ಹೋಗಿಯೇ ಇಲ್ಲ ಎಂಬುದು ನನ್ನ ಅನುಮಾನ.

ಸಂಪಾದಕನಿಗೆ ಬರೆದೆ. ಹೆಬ್ಬೆರಳಿನ ಚಿತ್ರವೊಂದು ಉತ್ತರವಾಗಿ ಬಂತು.

ಹನ್ನೆರಡು ವರ್ಷ ನಾನು ರಾಕ್ ಸಂಗೀತದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬರೆದವಳು, ಫೋಟೋ ತೆಗೆದವಳು. ಅದು ಮುಚ್ಚಿದ ಮೇಲೆ ಈ ವೆಬ್‌ಸೈಟಿನ ಬರಹಗಳನ್ನು ಮನೆಯಿಂದಲೇ ತಿದ್ದಿಕೊಡುತ್ತೇನೆ. ನಾವು ಬರೆಯುವಾಗ ಹೀಗಿರಲಿಲ್ಲ ಎಂದು ಗಂಡ ರಾಜುಗೆ ಹೇಳಿದೆ. ಬ್ಯಾಂಕಿನ ಕಾಗದ ನೋಡುತ್ತಿದ್ದವರು ತಲೆ ಎತ್ತದೆ, "ಹೇಗಿತ್ತು?" ಎಂದರು.

ಅವರ ವರ್ಗಾವಣೆಯ ಹಿಂದೆ ನಾನೂ ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಇನ್ನೂ ಏಳು ಡಬ್ಬ ಬಿಚ್ಚಿಲ್ಲ. ಇಲ್ಲಿ ನನಗೆ ಸಂಬಂಧಪಟ್ಟ ಕೆಲಸ ಏನೂ ಇಲ್ಲ.

ಜನವರಿ 13

ಬ್ಯಾಂಕಿನ ಸಭೆಗೆ ಮೈಕ್ ಹೇಳಿ ಬಾ ಎಂದು ರಾಜು ಕಳಿಸಿದರು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೈಕ್‌ಸೆಟ್ ಅಂಗಡಿ. ಸುರುಳಿ ಸುತ್ತಿದ ವೈರು, ಶಾಮಿಯಾನದ ಕಂಬಗಳು, ಗೋಡೆಗೊರಗಿಸಿದ ಸ್ಪೀಕರುಗಳು. ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿದ ಪತ್ರಿಕೆಯ ತುಂಡು.

ಫೋಟೋ ನನ್ನದು. ಬರಹವೂ ನನ್ನದೇ. 2003ರ ನವೆಂಬರ್. ಹೆಸರಿದ್ದ ಅಂಚು ಕತ್ತರಿಸುವಾಗ ಹೋಗಿಬಿಟ್ಟಿದೆ.

ಡ್ರಮ್ಸ್ ಮುಂದೆ ಬಾಯಿ ತೆರೆದ ಒಬ್ಬ ಯುವಕ, ಬಲಗೈಯ ಕೋಲು ಮಸುಕು. ಎಡಕ್ಕೆ ಗಿಟಾರ್ ಹಿಡಿದವನ ಅರ್ಧ ಮುಖ. ಕೆಳಗೆ 'ತುಮಕೂರು ಬಳಿಯ ತಂಡ' ಎಂದಷ್ಟೇ.

"ಅದು ನಾವೇ ಮೇಡಂ," ಎಂದರು ಅಂಗಡಿಯವರು. ಹೆಸರು ಪ್ರಭುದೇವ್ ಅಂತೆ, ಗಿಟಾರಿನವರು ಇವರೇ. "ಮಿಡತೆ ಅಂತ ನಮ್ ಬ್ಯಾಂಡು. ಬೆಂಗಳೂರ್ನಾಗೆ ಬಾರ್ಸಿದ್ದು. ಇಂಗ್ಲಿಷ್ ಪೇಪರ್ನೋರು ಹಾಕವ್ರೆ."

"ಏನಂತ ಬರೆದಿದ್ದಾರೆ?" ಯಾಕೆ ಕೇಳಿದೆನೋ.

"ಚೆನ್ನಾಗಿ ಬರ್ದವ್ರೆ," ಎಂದು ಮೈಕಿನ ವೈರಿಗೆ ಟೇಪ್ ಸುತ್ತತೊಡಗಿದರು.

ಅಲ್ಲಿ ಬರೆದಿರುವುದು ಇಷ್ಟು: ಈ ಹುಡುಗರು ಬೇರೆಯವರ ಹಾಡುಗಳನ್ನು ಶ್ರದ್ಧೆಯಿಂದ ನುಡಿಸುತ್ತಾರೆ, ತಮ್ಮದೆಂದು ಹೇಳಿಕೊಳ್ಳಲು ಇವರ ಬಳಿ ಒಂದು ಹಾಡೂ ಇಲ್ಲ, ಆದ್ದರಿಂದ ಇವರನ್ನು ಮತ್ತೆ ಕೇಳುವ ಕಾರಣವೂ ಇಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಆ ಕೊನೆಯ ಸಾಲನ್ನು ಬರೆದು ಖುಷಿಪಟ್ಟ ನೆನಪಿದೆ. ಅವರಿಗೆ ಏನೂ ಹೇಳದೆ ಬಂದೆ.

ಜನವರಿ 14

ಒಂದು ಡಬ್ಬ ಬಿಚ್ಚಿದೆ. ನೆಗೆಟಿವ್‌ಗಳು ಇವೆ. ನೋಡಲಿಲ್ಲ.

ಜನವರಿ 22

ಸಂಜೆ ಒಬ್ಬ ಹುಡುಗಿ ಮನೆಗೆ ಬಂದಳು. ಸಹನಾ, ಕೊರಟಗೆರೆಯ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಫೋಟೋದಲ್ಲಿರುವ ಡ್ರಮ್ಮರ್ ಓಬಳಯ್ಯ ಅವಳ ತಂದೆ. ನಡುವೆ ಹದಿನೆಂಟು ವರ್ಷ ನಿಂತೇಹೋಗಿದ್ದ 'ಮಿಡತೆ' ಈಗ ಮತ್ತೆ ಶುರುವಾಗಿದೆ, ಇವಳು ಹಾಡುತ್ತಾಳೆ.

"ಸಂಗೀತದ ಬಗ್ಗೆ ಬರೀತೀರಂತೆ. ಬ್ಯಾಂಕ್ ಸರ್ ಹೇಳಿದ್ರು," ಎಂದಳು.

ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ದೊಡ್ಡ ರಾಕ್ ಉತ್ಸವ. ನಗರದ ಹೊರಗಿನ ತಂಡಗಳಿಗೆಂದು ಹತ್ತು ಅವಕಾಶಗಳಿವೆ. ಅರ್ಜಿಯ ಜೊತೆ ಎರಡು ವರ್ಷದೊಳಗೆ ಪ್ರಕಟವಾದ ಒಂದು ವಿಮರ್ಶೆ ಬೇಕು. ಕೊನೆಯ ದಿನ ಫೆಬ್ರುವರಿ 25.

"ಪ್ರಭು ಅಂಕಲ್ ಆ ಲ್ಯಾಮಿನೇಷನ್ನೇ ಸ್ಕ್ಯಾನ್ ಮಾಡಿ ಕಳ್ಸೋಣ ಅಂತವ್ರೆ. ಮೇಡಂ, ಅದರಲ್ಲಿ ಏನೈತೆ ಅಂತ ಅವರಿಗೆ ಗೊತ್ತಿಲ್ಲ. ಅಪ್ಪಂಗೂ ಗೊತ್ತಿಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ಓದ್ದೆ. ಹೇಳಕ್ಕಾಗ್ಲಿಲ್ಲ."

"ಮುಂದಿನ ವರ್ಷ ಅರ್ಜಿ ಹಾಕಬಹುದಲ್ಲ?"

ಅವಳ ತಂದೆ ಪಾವಗಡದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮುಂಗೈಯ ನರ ಹಿಸುಕಿಹೋಗಿದೆ, ಬೆರಳು ಮರಗಟ್ಟುತ್ತವೆ. ಏಪ್ರಿಲ್‌ನಲ್ಲಿ ಆಪರೇಷನ್. "ಆಮೇಲೆ ಸ್ಪ್ಯಾನರ್ ಹಿಡೀಬೋದು ಅಂದವ್ರೆ ಡಾಕ್ಟ್ರು. ಕೋಲು ಹಿಡಿಯೋದು ಗೊತ್ತಿಲ್ಲ ಅಂದವ್ರೆ."

ಬರೆಯುತ್ತೇನೆ ಎಂದೆ. ಆ ತುಂಡನ್ನು ಯಾರು ಬರೆದದ್ದು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದಿದ್ದುದಕ್ಕೆ ಹೇಳದಿರುವುದು ಸುಳ್ಳಲ್ಲ ಎಂದು ಚಹಾದ ಲೋಟ ತೊಳೆಯುತ್ತಾ ಅಂದುಕೊಂಡೆ. ಈಗ ಬರೆದು ನೋಡಿದರೆ ಆ ಮಾತು ಅಷ್ಟು ಗಟ್ಟಿಯಾಗಿ ಕಾಣುತ್ತಿಲ್ಲ.

ಜನವರಿ 28

ಸಂಪಾದಕ ಫೋನಿನಲ್ಲಿ ಮೊದಲು, ತುಮಕೂರಿನ ಆಚೆಗೆ ನಮ್ಮ ಓದುಗರಿಲ್ಲ ಎಂದ. ಮತ್ತೆ ಒಂದು ಕ್ಷಣ ಯೋಚಿಸಿ, ಹಳ್ಳಿ, ಬೆಟ್ಟ, ಕುರಿ, ನಡುವೆ ಎಲೆಕ್ಟ್ರಿಕ್ ಗಿಟಾರ್ ಇರುವ ಫೋಟೋ ಸಿಕ್ಕಿದರೆ ನೂರೈವತ್ತು ಪದ ಹಾಕೋಣ ಎಂದ. ಅಸಹ್ಯವಾಯಿತು. ಆದರೂ ಸಂಜೆ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಅವರು ಅಭ್ಯಾಸ ಮಾಡುವಾಗ ಹೋಗಿ, ಮಿಡಿಗೇಶಿ ಬೆಟ್ಟದ ಮೇಲೆ ಕುರಿಗಳ ಜೊತೆ ಒಂದು ಫೋಟೋ ತೆಗೆಯೋಣವೇ ಎಂದು ಕೇಳಿಯೇಬಿಟ್ಟೆ.

ಓಬಳಯ್ಯ ಕೋಲನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದರು. ಐವತ್ತರ ಹತ್ತಿರ, ತೆಳ್ಳಗೆ, ಮಾತಿನ ನಡುವೆ ಪಾವಗಡದ ತೆಲುಗು.

"ಕುರಿ ಏಮಿಟಿಕಿ ಮೇಡಂ? ಬೇಸ್ ಬಾರ್ಸಕ್ಕಾ?"

"ಲೇ, ಚಿಕ್ಕರಾಜುಗಿಂತ ಟೈಮಿಂಗ್ ಚೆನ್ನಾಗಿಟ್ಕಂತವೆ ಬುಡು," ಎಂದರು ಪ್ರಭುದೇವ್.

ಶಿರಾದಲ್ಲಿ ಮೊಬೈಲ್ ರಿಪೇರಿ ಮಾಡುವ, ಬೇಸ್ ಗಿಟಾರಿನ ಚಿಕ್ಕರಾಜು, "ನಿಮ್ಮಪ್ಪನ ಮಂದೇನೇ ಕರ್ಕೊಂಡ್ ಬಾ ಅಣ್ಣಾ, ನಾನು ಮನೇಗೆ ಹೋಯ್ತೀನಿ," ಎಂದ.

ನಗುತ್ತಲೇ ಬೇಡವೆಂದರು. ನಾನೂ ನಕ್ಕೆ. ಮುಖ ಬಿಸಿಯಾಗಿತ್ತು.

ಫೆಬ್ರುವರಿ 2

ಬರಗೂರಿನಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟ, ಶಾಲೆಯ ಮೈದಾನ. ಸಂಜೆ ಆರೂ ಐವತ್ತಕ್ಕೆ ಶುರು. ಮೊದಲು ಗಣಪತಿಯ ಮೇಲೊಂದು, ನಂತರ ಎರಡು ಸಿನಿಮಾ ಹಾಡು, ಗಿಟಾರಿನಲ್ಲಿ ಅಬ್ಬರ ತುಂಬಿದ್ದು. ವೇದಿಕೆಯ ಮುಂದೆ ಮಂಡಿಯೂರಿ ನೂರೆಂಬತ್ತು ಫೋಟೋ ತೆಗೆದೆ. ಬೆಳಕು ಕೆಟ್ಟದಾಗಿತ್ತು. ಓಬಳಯ್ಯನ ಕೈ ನೋಡಿದರೆ ನೋವಿದೆ ಎಂದು ತಿಳಿಯುವುದಿಲ್ಲ.

ಮೂರನೆಯ ಹಾಡು ಮುಗಿದಾಗ ಲೆನ್ಸಿಗೆ ಮುಚ್ಚಳ ಹಾಕಿದೆ. ಏಳೂಕಾಲಿಗೆ ಮೈದಾನದ ಎದುರಿನಿಂದ ಶಿರಾ ಬಸ್ಸು. ಕಿಟಕಿಯ ಪಕ್ಕ ಕೂತು, ಬಸ್ಸು ಹೊರಡುವಾಗ ಅಭ್ಯಾಸಬಲದಿಂದ ದೂರದ ವೇದಿಕೆಯ ಒಂದು ಫೋಟೋ ತೆಗೆದೆ.

ಬಸ್ಸಿನಲ್ಲೇ ಬರಹದ ಮೊದಲ ಕರಡು ಆಯಿತು. ಒಳ್ಳೆಯ ಮಾತುಗಳೇ. 'ಪರಿಚಿತ ಹಾಡುಗಳಿಗೆ ಇವರು ಕೊಡುವ ತೂಕ' ಎಂಬ ಸಾಲು ಹಿಡಿಸಿತು.

ಫೆಬ್ರುವರಿ 3

ಬಸ್ಸಿನ ಕಿಟಕಿಯಿಂದ ತೆಗೆದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಓಬಳಯ್ಯ ಎದ್ದು ನಿಂತು ತಲೆಗೆ ಕೆಂಪು ಟವೆಲ್ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಾರೆ. ಉಳಿದ ಯಾವ ಫೋಟೋದಲ್ಲೂ ಟವೆಲ್ ಇಲ್ಲ.

ಸಹನಾಗೆ ಸಂದೇಶ ಕಳಿಸಿದೆ: ಟವೆಲ್ ಯಾವಾಗ ಕಟ್ಟುತ್ತಾರೆ?

ಉತ್ತರ: 'ನಮ್ ಹಾಡು ಶುರುವಾಗುವಾಗ ಮೇಡಂ. ಯಾವಾಗ್ಲೂ ಮೊದಲ ಮೂರು ಊರವರಿಗೆ. ನಾಲ್ಕನೇದ್ರಿಂದ ನಮ್ದು. ನಿನ್ನೆ ಎಂಟು ಹಾಡಿದ್ವಿ. ನೀವು ಎಲ್ಲಿ ಕೂತಿದ್ರಿ? ಕಾಣಲಿಲ್ಲ.'

2003ರ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಮೂವತ್ತಾರು ಚೌಕ. ಒಂದರಲ್ಲೂ ಟವೆಲ್ ಇಲ್ಲ.

ರಾಕ್ ಸಂಗೀತದಲ್ಲಿ ಫೋಟೋ ತೆಗೆಯುವವರಿಗೆ ಒಂದು ಕಟ್ಟುಪಾಡಿದೆ. ವೇದಿಕೆಯ ಮುಂದೆ ನಿಲ್ಲಲು ಮೊದಲ ಮೂರು ಹಾಡು ಮಾತ್ರ, ಆಮೇಲೆ ಹೊರಗೆ. ದೊಡ್ಡ ವಿದೇಶಿ ತಂಡಗಳು ತಂದ ಪದ್ಧತಿ. 2003ರಲ್ಲಿ ಇವರು ನುಡಿಸಿದ ಬೆಂಗಳೂರಿನ ಕಾಲೇಜು ಮೈದಾನದಲ್ಲಿ ನಮ್ಮನ್ನು ಯಾರೂ ಹೊರಗೆ ಕಳಿಸುವವರಿರಲಿಲ್ಲ. ನಾವೇ ಎದ್ದು ಹೋಗುತ್ತಿದ್ದೆವು, ಅನುಕೂಲವಾಗಿತ್ತು. ಫೋಟೋ ತೆಗೆದವಳೇ ವಿಮರ್ಶೆಯನ್ನೂ ಬರೆಯಬೇಕಾದಾಗ, ವಿಮರ್ಶೆಯೂ ಮೂರು ಹಾಡಿಗೇ ಮುಗಿಯುತ್ತಿತ್ತು.

ಹೀಗೆ ಎಷ್ಟು ಬರೆದಿದ್ದೇನೆ? ಲೆಕ್ಕ ಹಾಕಲು ಕೂತು ಅರ್ಧಕ್ಕೇ ಕೈಬಿಟ್ಟೆ.

ಫೆಬ್ರುವರಿ 5

ಅಂಗಡಿಗೆ ಹೋಗಿ, ಗೋಡೆಯ ಮೇಲಿರುವುದನ್ನು ಬರೆದವಳು ನಾನೇ ಎಂದು ಪ್ರಭುದೇವ್‌ಗೆ ಹೇಳಿದೆ. ಅಂದು ಮೂರು ಹಾಡು ಕೇಳಿ ಎದ್ದು ಹೋಗಿದ್ದೆ, ಮೊನ್ನೆ ಬರಗೂರಿನಲ್ಲೂ ಬಸ್ಸಿಗೆಂದು ಹಾಗೇ ಮಾಡಿದೆ ಎಂದೂ ಹೇಳಿದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಗೊತ್ತು ಮೇಡಂ. ನೀವೇ ಅಂತ ಗೊತ್ತಿರ್ಲಿಲ್ಲ. ಮೂರೇ ಕೇಳವ್ರೆ ಅಂತ ಗೊತ್ತಿತ್ತು. ಪೋಟೋದಾಗೆ ಓಬಳನ ತಲೆ ಮ್ಯಾಲೆ ಟವೆಲ್ ಇಲ್ವಲ್ಲ."

"ಏನು ಬರೆದಿದೆ ಅಂತಲೂ..."

"ನಮ್ ಲೆಕ್ಚರರ್ ಗಂಗಯ್ಯನೋರು ಓದಿ ಹೇಳಿದ್ರು. ಒಳ್ಳೇದೇ ಬರ್ದವ್ರೆ ಕಣ್ರಪ್ಪಾ ಅಂದ್ರು. ಮುಖ ನೋಡ್ದೆ, ಅಂಗಿರ್ಲಿಲ್ಲ. ಡಿಕ್ಷನರಿ ಇಟ್ಕಂಡು ಮೂರು ದಿನ ಕೂತು ಓದ್ದೆ. ಮುಂದಿನ ತಿಂಗಳು ಬೆಂಗಳೂರ್ನಾಗೆ ಇನ್ನೊಂದು ಪ್ರೋಗ್ರಾಮ್ ಇತ್ತು, ಕರ್ದಿದ್ದೋರು ಬ್ಯಾಡ ಅಂದ್ಬುಟ್ರು. ಆಮೇಲೆ ಅಂಗೇ ನಿಂತೋಯ್ತು."

"ಮತ್ತೆ ಗೋಡೆ ಮೇಲೆ ಯಾಕೆ?"

"ಪೋಟೋ ಚೆನ್ನಾಗೈತಲ್ಲ. ನಮ್ದು ಬೇರೆ ಯಾವ್ದೂ ಇಲ್ಲ." ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡು, "ಓಬಳಂಗೆ ಒಳ್ಳೇದೇ ಬರ್ದವ್ರೆ ಅಂತ ನಾನೇ ಹೇಳಿದೀನಿ. ಸಹನಾಗೂ ಗೊತ್ತಿಲ್ಲ, ಹೇಳ್ಬೇಡಿ," ಎಂದರು.

ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹದಿನೈದಕ್ಕೆ ಪುರವರದಾಗೆ ಐತೆ. ಬಸ್ ಹೋದ್ರೆ ನಮ್ ಟೆಂಪೋದಾಗೆ ಬುಡ್ತೀವಿ. ಕೂತ್ಕಳಿ."

ಫೆಬ್ರುವರಿ 15

ಪುರವರದಲ್ಲಿ ಯುವಕ ಸಂಘದ ಕಟ್ಟಡದ ಉದ್ಘಾಟನೆ. ಮಧ್ಯಾಹ್ನ ಮೂರೂವರೆಗೆ ಶುರುವಾಗಿ ಐದೂವರೆಗೆ ಮುಗಿಯಿತು. ಹನ್ನೊಂದು ಹಾಡು.

ಮೂರನೆಯದು ಮುಗಿದದ್ದೇ ಓಬಳಯ್ಯ ಎದ್ದು ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಕಟ್ಟಿದರು. ಮುಂದಿನ ಸಾಲಿನ ಹಿರಿಯರಲ್ಲಿ ನಾಲ್ಕೈದು ಜನ ಎದ್ದು ಹೊರಟರು. ನನ್ನ ಕೈಯೂ ಲೆನ್ಸಿನ ಮುಚ್ಚಳಕ್ಕೆ ಹೋಯಿತು. ಕೈ ಹೋದದ್ದನ್ನು ನೋಡಿ ಹಿಂದಕ್ಕೆ ತೆಗೆದೆ.

ನಾಲ್ಕನೆಯ ಹಾಡಿನ ಸಾಹಿತ್ಯವೆಂದರೆ ಬರೀ ಊರುಗಳ ಹೆಸರು. ಪಾವಗಡದಿಂದ ಹೊರಟ ಬಸ್ಸು ನಿಲ್ಲುವ ಊರುಗಳು, ನಿಲ್ಲುವ ಕ್ರಮದಲ್ಲಿ. ಸಹನಾ ಯಾವ ಏರಿಳಿತವೂ ಇಲ್ಲದೆ, ಕಂಡಕ್ಟರ್ ಕೂಗುವ ಹಾಗೆ ಶುರುಮಾಡುತ್ತಾಳೆ. ಕೆಳಗೆ ಡ್ರಮ್ಸ್ ಡೀಸೆಲ್ ಎಂಜಿನ್ನಿನಂತೆ ನಿಧಾನಕ್ಕೆ ಬಿಸಿಯಾಗುತ್ತದೆ. ಮಿಡಿಗೇಶಿ ಬಂದಾಗ ಗಿಟಾರು ಸೇರುತ್ತದೆ. ಮಧುಗಿರಿಯಲ್ಲಿ ಎಲ್ಲರೂ ನಿಂತು, ನಾಲ್ಕು ಎಣಿಕೆಯ ಮೌನ. ಕೊರಟಗೆರೆಯ ಹೊತ್ತಿಗೆ ಹೆಸರುಗಳು ಒಂದರ ಮೇಲೊಂದು ಬಿದ್ದು, ಹಿಂದಿನ ಸಾಲಿನವರು ತಮ್ಮ ತಮ್ಮ ಊರು ಕೂಗುತ್ತಿದ್ದರು. ಹಾಡು ಬೆಂಗಳೂರಿಗೆ ಹೋಗುವುದಿಲ್ಲ. ತುಮಕೂರಿಗೂ ಹೋಗುವುದಿಲ್ಲ. ಕೊರಟಗೆರೆಯ ಆಚೆ ಎಲ್ಲೋ ಟೈರು ಸಿಡಿದ ಹಾಗೆ ಡ್ರಮ್ಸ್ ಒಂದೇ ಏಟಿಗೆ ನಿಲ್ಲುತ್ತದೆ.

ಆರನೆಯದು ಪ್ರಭುದೇವ್ ಅವರದ್ದು. ಅವರ ಮನೆಯವರು ಮೊದಲು ಕುರಿ ಮೇಯಿಸುತ್ತಿದ್ದ ನೆಲದಲ್ಲಿ ಈಗ ಸೋಲಾರ್ ಹಲಗೆಗಳಿವೆ. ಬೇಲಿಯ ಆಚೆ ನಿಂತ ಮಂದೆಯನ್ನು ಕರೆಯುವ ಕೂಗನ್ನು ಗಿಟಾರಿನಲ್ಲಿ ಹಿಡಿದಿದ್ದಾರೆ. ಒಂಬತ್ತನೆಯದು ಅಷ್ಟೇನೂ ಚೆನ್ನಾಗಿಲ್ಲ, ಉದ್ದವಾಯಿತು. ಹತ್ತನೆಯದರ ಹೊತ್ತಿಗೆ ಓಬಳಯ್ಯ ಬಲಗೈಯ ಕೋಲನ್ನು ರಬ್ಬರ್ ಪಟ್ಟಿಯಿಂದ ಬೆರಳಿಗೆ ಕಟ್ಟಿಕೊಂಡಿದ್ದರು.

ನಾಲ್ಕನೆಯ ಹಾಡು 2003ರಲ್ಲೂ ನಾಲ್ಕನೆಯದೇ ಆಗಿತ್ತೇ ಎಂದು ಟೆಂಪೋದಲ್ಲಿ ಕೇಳಿದೆ. "ಅದೇ," ಎಂದರು ಪ್ರಭುದೇವ್.

ಓಬಳಯ್ಯ ಕೈಯನ್ನು ಬಿಸಿನೀರಿನ ಬಾಟಲಿಗೆ ಒತ್ತಿ ಕೂತಿದ್ದರು. "ಏನಮ್ಮಾ, ಈ ಸಲ ಬಸ್ಸು ತಪ್ಪೋಯ್ತಾ?" ಎಂದರು.

ಅವರಿಗೆ ಗೊತ್ತಿಲ್ಲ ಎಂದು ಪ್ರಭುದೇವ್ ಹೇಳಿದ್ದು ನೆನಪಿತ್ತು. ಆದರೂ ಹೇಳಿದೆ, ಎಲ್ಲವನ್ನೂ, ಸಹನಾ ಪಕ್ಕದಲ್ಲಿರುವಾಗಲೇ. ಆಮೇಲೆ ಓಬಳಯ್ಯ ಪ್ರಭುದೇವ್ ಕಡೆ ತಿರುಗಿದರು.

"ಲೇ ಪ್ರಭು, ಇಪ್ಪತ್ತು ವರ್ಷದಿಂದ ಒಳ್ಳೇದು ಬರ್ದವ್ರೆ, ಒಳ್ಳೇದು ಬರ್ದವ್ರೆ ಅಂತಿದ್ಯಲ್ಲೋ. ನಿನ್ ಮುಖಾನೇ ಹೇಳ್ತಿತ್ತು, ಅಬದ್ಧಂ ಅಂತ." ನನ್ನ ಕಡೆ ನೋಡಿ, "ಪೋಟೋ ಮಾತ್ರ ಬಾಗುಂದಿ ಕಣಮ್ಮ. ಬಾಯಿ ಮುಚ್ಚಿರೋದು ತೆಗೀಬೋದಿತ್ತು," ಎಂದರು.

ನಮ್ಮ ಮನೆ ಬರುವವರೆಗೂ ಸಹನಾ ನನ್ನ ಕಡೆ ನೋಡಲಿಲ್ಲ. ನಾನು ಇಳಿಯುವಾಗ, "ವಿಮರ್ಶೆ ಯಾವಾಗ ಬರುತ್ತೆ ಮೇಡಂ?" ಎಂದಳು.

ಫೆಬ್ರುವರಿ 19

ಎಂಟುನೂರು ಪದ ಕಳಿಸಿದ್ದೆ. ನೂರಿಪ್ಪತ್ತು ಬಂದಿದೆ. 'ಬೆಂಗಳೂರಿನ ಹೊರವಲಯದ ಕುರಿಗಾಹಿ ರಾಕರ್‌ಗಳು' ಎಂಬುದು ತಲೆಬರಹ. 2003ರ ತಪ್ಪನ್ನು ಒಪ್ಪಿಕೊಂಡಿದ್ದ ಪ್ಯಾರಾ ಇಲ್ಲ. ಅದು ಓದುಗರಿಗೆ ಬೇಡದ ವಿಷಯವಂತೆ. ಓಬಳಯ್ಯನ ಹೆಸರು ಚಿಕ್ಕರಾಜುವಿನ ಫೋಟೋದ ಕೆಳಗಿದೆ. ನಾನು ಕುರಿಯ ಫೋಟೋ ಕಳಿಸಿರಲಿಲ್ಲವಲ್ಲ, ಅವರೇ ಎಲ್ಲಿಂದಲೋ ಒಂದು ಹಾಕಿದ್ದಾರೆ.

ಅಂಗಡಿಯಲ್ಲಿ ಸಹನಾ ಫೋನ್ ಹಿಡಿದು ಎಲ್ಲರಿಗೂ ತೋರಿಸಿದಳು. ಪ್ರಭುದೇವ್ ಫೋಟೋವನ್ನು ಹಿಗ್ಗಿಸಿ ನೋಡಿದರು. "ಇವು ನಮ್ ಕಡೆ ಕುರಿ ಅಲ್ಲ ಮೇಡಂ. ಇಷ್ಟೊಂದು ಉಣ್ಣೆ ಇದ್ರೆ ನಮ್ ಬಿಸಿಲಿಗೆ ಸತ್ತೇ ಹೋಯ್ತವೆ."

"ಲಿಂಕ್ ಅಂತೂ ಐತೆ. ಅರ್ಜಿಗೆ ಇದೇ ಸಾಕು," ಎಂದಳು ಸಹನಾ. ಅವಳು ಮತ್ತೊಮ್ಮೆ ಓದಿದಳು. "ಒಂದು ಹಾಡಿನ ಬಗ್ಗೆನೂ ಇಲ್ಲವಲ್ಲ," ಎಂದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಬ್ಯಾಡ ಮೇಡಂ. ಇದು ಬ್ಯಾಡ."

ಇನ್ನು ಆರು ದಿನ.

ಫೆಬ್ರುವರಿ 21

ಬರಹವನ್ನು ತೆಗೆಯಿರಿ ಎಂದು ಸಂಪಾದಕನಿಗೆ ಬರೆದೆ. ಚೆನ್ನಾಗಿ ಓಡುತ್ತಿದೆ, ಯಾಕೆ ತೆಗೆಯಬೇಕು ಎಂದ. ನನ್ನ ಹೆಸರನ್ನಾದರೂ ತೆಗೆಯಿರಿ ಎಂದೆ. ತೆಗೆದ. ಇನ್ನು ತಿದ್ದಲು ಏನೂ ಬರುವುದಿಲ್ಲ ಎಂದುಕೊಳ್ಳುತ್ತೇನೆ.

ಮಧುಗಿರಿಯಲ್ಲಿ ರಂಗರಾಜು ಎಂಬುವರು ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಾರೆ. ಸೋಮವಾರ ಸೋಮವಾರ ಬರುತ್ತದೆ. ಸನ್ಮಾನ, ನಿಧನ, ಟೆಂಡರ್. ಎರಡು ದಿನ ಕೂತು ಬರಹವನ್ನು ಕನ್ನಡದಲ್ಲಿ ಮೊದಲಿನಿಂದ ಬರೆದೆ. ಹಣಕ್ಕೆ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಈ ಡೈರಿ ಬಿಟ್ಟರೆ ಬೇರೇನೂ ಬರೆದವಳಲ್ಲ. ಮೊದಲ ಪ್ಯಾರಾಕ್ಕೇ ಒಂದು ಬೆಳಿಗ್ಗೆ ಹಿಡಿಯಿತು.

ರಂಗರಾಜು ಪೂರ್ತಿ ಓದಿದರು. "ಎರಡನೇ ಪುಟ ಪೂರ್ತಿ ಹಾಕಣ. ಪೋಟೋಗೆ ಎಡದಿಂದ ಬಲಕ್ಕೆ ಹೆಸ್ರು ಕೊಡಿ, ಊರ್ ಸಮೇತ."

"ನಾಲ್ವರದೂ ಬರಹದಲ್ಲೇ ಇದೆಯಲ್ಲ?"

"ಪೋಟೋ ಕೆಳಗೂ ಬೇಕು ಕಣಮ್ಮ. ಒಬ್ರ ಹೆಸ್ರು ಬುಟ್ರೆ ಮಾರನೇ ದಿನ ಬಾಗ್ಲಲ್ಲಿ ಬಂದು ನಿಂತ್ಕಂತಾರೆ, ನಾನೇನು ಸತ್ತೋಗಿದ್ನಾ ಅಂತ."

ಅಲ್ಲೇ ನಿಂತು ಬರೆದುಕೊಟ್ಟೆ.

ಫೆಬ್ರುವರಿ 24

ಬಂತು. ಒಂದು ಅಕ್ಷರವೂ ಕತ್ತರಿಸಿಲ್ಲ. 2003ರ ಪ್ಯಾರಾ ಇದೆ. ಸಹನಾ ಪುಟವನ್ನು ಸ್ಕ್ಯಾನ್ ಮಾಡಿ ಅರ್ಜಿ ಕಳಿಸಿದಳು.

ಪ್ರಭುದೇವ್ ಹೊಸದನ್ನೂ ಲ್ಯಾಮಿನೇಟ್ ಮಾಡಿಸಿ ಹಳೆಯದರ ಪಕ್ಕದಲ್ಲಿ ಹಾಕಿದ್ದಾರೆ. ಹಳೆಯದನ್ನು ತೆಗೆದುಬಿಡಿ ಎಂದೆ. "ಇರ್ಲಿ ಬುಡಿ, ಗೋಡೆ ಖಾಲಿಯಾಗ್ತದೆ," ಎಂದರು.

ಮಾರ್ಚ್ 4

ಅವಕಾಶ ಸಿಕ್ಕಿದೆ. 15ರ ಶನಿವಾರ, ಮಧ್ಯಾಹ್ನ ಎರಡು ಗಂಟೆ, ಚಿಕ್ಕ ವೇದಿಕೆ. ಇಪ್ಪತ್ತು ನಿಮಿಷ. ಅಂದರೆ ನಾಲ್ಕು ಹಾಡು.

ಗೋಡೌನಿನಲ್ಲಿ ಸಂಜೆಯೆಲ್ಲ ಅದೇ ಮಾತು. ಜನಕ್ಕೆ ಗೊತ್ತಿರುವುದನ್ನು ಒಂದಾದರೂ ಮೊದಲು ಬಾರಿಸದಿದ್ದರೆ ಎದ್ದು ಹೋಗುತ್ತಾರೆ ಎಂದು ಚಿಕ್ಕರಾಜು. ಊರವರಿಗೆ ಕೊಟ್ಟು ತಾನೇ ನಮ್ಮದು ಬಾರಿಸುವುದು ಎಂದು ಪ್ರಭುದೇವ್. ಸಹನಾ ನನ್ನನ್ನು ಕೇಳಿದಳು. ಹಾಡು ಕೇಳುವವಳು ನಾನು, ಅದನ್ನು ತೀರ್ಮಾನಿಸುವವಳಲ್ಲ ಎಂದೆ. ಓಬಳಯ್ಯ ರಬ್ಬರ್ ಪಟ್ಟಿಗಳನ್ನು ಎಳೆದೆಳೆದು ನೋಡುತ್ತಿದ್ದರು.

ಮಾರ್ಚ್ 10

ಉಳಿದ ಡಬ್ಬಗಳನ್ನು ಬಿಚ್ಚಿದೆ. ನೆಗೆಟಿವ್‌ಗಳಿಗೆ ಅಲಮಾರಿಯಲ್ಲಿ ಜಾಗವಾಯಿತು.

ಮಾರ್ಚ್ 15

ರಂಗರಾಜು ಅವರ ಪತ್ರಿಕೆಯ ಹೆಸರಿನಲ್ಲಿ ಪಾಸ್ ತೆಗೆದುಕೊಂಡಿದ್ದೆ. ಕೊರಳಿಗೆ ಹಾಕುವ ಕಾರ್ಡ್ ಕೊಟ್ಟ ಹುಡುಗಿ ಪತ್ರಿಕೆಯ ಹೆಸರನ್ನು ಎರಡು ಸಲ ಕೇಳಿದಳು. ವೇದಿಕೆಯ ಮುಂದಿನ ಕಟಕಟೆಯೊಳಗೆ ನಾವು ಆರು ಜನ ಫೋಟೋದವರು. ಐವರು ಮುಂದಿನ ತಂಡಕ್ಕಾಗಿ ಕಾಯುತ್ತಾ ಫೋನ್ ನೋಡುತ್ತಿದ್ದರು. ಹಿಂದೆ ಬಿಸಿಲಿನಲ್ಲಿ ಇನ್ನೂರು ಜನ ಇರಬಹುದು.

ಸಹನಾ ಮೊದಲು ಬಂದಳು. ಪ್ರಭುದೇವ್, ಚಿಕ್ಕರಾಜು. ಕೊನೆಯಲ್ಲಿ ಓಬಳಯ್ಯ. ತಲೆಗೆ ಕೆಂಪು ಟವೆಲ್ ಕಟ್ಟಿಕೊಂಡೇ ಮೆಟ್ಟಿಲು ಹತ್ತಿದರು.

ಪ್ರಭುದೇವ್ ಆ ಟವೆಲ್ ನೋಡಿದರು. ಓಬಳಯ್ಯ ಕೂತು ಕೋಲನ್ನು ಬೆರಳಿಗೆ ಬಿಗಿದುಕೊಂಡರು. "ಪಾವಗಡ," ಎಂದು ಸಹನಾ ಶುರುಮಾಡಿದಳು.

ಎಂಟು ಫೋಟೋ ತೆಗೆದೆ. ಮೂರನೆಯ ಹಾಡು ಮುಗಿದಾಗ ಕಾವಲಿನವನು ಹೊರಗೆ ಹೋಗಿ ಎಂದು ಕೈಬೀಸಿದ. ಕ್ಯಾಮೆರಾ ಚೀಲಕ್ಕೆ ಹಾಕಿ, ಕಟಕಟೆ ದಾಟಿ, ಸುತ್ತಿಬಂದು ಜನರ ನಡುವೆ ನಿಂತೆ.

ನಾಲ್ಕನೆಯದು ಹೊಸದು. ನಾನು ಮೊದಲು ಕೇಳಿರಲಿಲ್ಲ.